ಬಾಕಿ ಮೂವತ್ತು

ನಾಲ್ಕೂಕಾಲಿಗೆ ಎಚ್ಚರವಾಗುತ್ತದೆ, ಅಲಾರಾಂ ಬೇಕಿಲ್ಲ.
ಐದು ಹತ್ತರ ಅಂಕೋಲೆ ಗಾಡಿ ಹೊರಡುವುದಿಲ್ಲವೆಂದು
ತಲೆಗೆ ಗೊತ್ತು, ಕಾಲಿಗೆ ಗೊತ್ತಿಲ್ಲ.
ಮಿಂದು ಬಂದು ಖಾಕಿ ಅಂಗಿಯ ಗುಂಡಿ ಹಾಕುವಾಗ
ನಾಗವೇಣಿ ಚಾದರದೊಳಗಿಂದಲೇ ಕೇಳುತ್ತಾಳೆ:
"ಇವತ್ತು ಎಲ್ಲಿವರೆಗೆ?"
ಅಡುಗೆಮನೆವರೆಗೆ, ಎನ್ನುತ್ತೇನೆ.

ಬಿನಗಾದಲ್ಲಿ ಮನೆ ಕಟ್ಟಿ ಹದಿನಾಲ್ಕು ವರ್ಷ.
ಸಮುದ್ರದ ಸದ್ದು ಹಿತ್ತಲವರೆಗೂ ಬರುತ್ತದೆಂದು
ಈ ಏಪ್ರಿಲಿನಲ್ಲಿ ತಿಳಿಯಿತು.
ಹೆದ್ದಾರಿಯ ನಟ್ಟನಡುವೆ, ಬಿಳಿ ಪಟ್ಟಿಯ ಮೇಲೆ
ಒಂದು ನಾಯಿ ನಾಲ್ಕೂ ಕಾಲು ಚಾಚಿ ಮಲಗಿದೆ.
ಯಾರೂ ಹಾರ್ನ್ ಹಾಕುವವರಿಲ್ಲ.

ಇಪ್ಪತ್ತೆರಡು ವರ್ಷ ಎಂಜಲು ಹಚ್ಚಿ ನೋಟು ಎಣಿಸಿದ ಹೆಬ್ಬೆರಳು
ಈಗ ಬಾಯಿಯ ಹತ್ತಿರ ಹೋದರೆ ಸಾಕು,
ಮಗಳು ಸೌಟು ಎತ್ತುತ್ತಾಳೆ.
ರೇಷನ್ ಅಂಗಡಿಯ ಮುಂದೆ ಸುಣ್ಣದ ವೃತ್ತ, ಒಬ್ಬರಿಗೆ ಒಂದು.
ಐವತ್ತೈದು ಸೀಟಿಗೆ ತೊಂಬತ್ತು ಮಂದಿ ತುಂಬಿ
"ಒಳಗೆ ಸರೀರಿ, ಇನ್ನೂ ಜಾಗ ಉಂಟು" ಎಂದವನು ನಾನು.
ನನ್ನ ವೃತ್ತದಲ್ಲಿ ನಿಂತು
ಮುಂದಿನ ಖಾಲಿ ಆರಡಿಯನ್ನು ನೋಡುತ್ತೇನೆ.
ಎಷ್ಟು ಜನ ಹಿಡಿಯುತ್ತಿತ್ತು ಅಲ್ಲಿ!

ನೆಲ ಅಲುಗುವುದಿಲ್ಲ. ಅದೇ ತೊಂದರೆ.
ಬಾಗಿಲ ಚೌಕಟ್ಟಿಗೆ ಹೆಗಲು ಕೊಟ್ಟು ನಿಂತರೆ
ಅರ್ಗಾದ ತಿರುವು ಬಂತೇನೋ ಎಂಬಂತೆ
ಮೈ ತಾನಾಗಿ ಎಡಕ್ಕೆ ವಾಲುತ್ತದೆ.
"ಬೀಳ್ತೀರಿ" ಎನ್ನುತ್ತಾಳೆ ಅವಳು, ತೆಂಗಿನಕಾಯಿ ತುರಿಯುತ್ತ.

ಸಂಜೆ ಫಕ್ಕೀರಪ್ಪನ ಫೋನು.
ಹಾವೇರಿ ಕಡೆಯ ಡ್ರೈವರು, ಊರಿಗೆ ಹೋಗಲಾಗದೆ
ಡಿಪೋದಲ್ಲೇ ಉಳಿದವನು, ತನಗೊಬ್ಬನಿಗೇ ರೊಟ್ಟಿ ಬಡಿಯುತ್ತಾನೆ.
ದಿನಕ್ಕೆ ಹತ್ತು ಗಾಡಿ ಎಬ್ಬಿಸಿ, ಗುಡುಗುಡು ಅನಿಸಿ
ಮತ್ತೆ ಮಲಗಿಸುತ್ತಾನಂತೆ.
"ಬಿಟ್ರೆ ಬ್ಯಾಟರಿ ಸಾಯ್ತಾವ್ರಿ. ನಮ್ಮ ಗಾಡಿ ಕೆಮ್ಮಾಕ ಹತ್ತೇತಿ,
ಯಾರಿಗೂ ಹೇಳಬ್ಯಾಡ್ರಿ ಮತ್ತ."
ಇಬ್ಬರೂ ನಕ್ಕೆವು. ಆಮೇಲೆ ಯಾರೂ ಫೋನ್ ಇಡಲಿಲ್ಲ, ಸ್ವಲ್ಪ ಹೊತ್ತು.

ಹೇಳಬೇಕೆಂದಿದ್ದು ಬೇರೆ.
ಕೊನೆಯ ಟ್ರಿಪ್ಪು, ಶನಿವಾರ ಸಂಜೆ.
ನಾಳೆ ಎಲ್ಲ ಬಂದ್ ಅಂತೆ ಎಂದು ಊರಿಗೂರೇ ಗಾಡಿ ಹತ್ತಿತ್ತು.
ಹೂವಿನ ಬುಟ್ಟಿಯ ಮುದುಕಿಯೊಬ್ಬಳು ಐವತ್ತು ಕೊಟ್ಟಳು.
ಚಿಲ್ಲರೆ ಇರಲಿಲ್ಲ. ಟಿಕೇಟಿನ ಬೆನ್ನಿಗೆ
ಮೂವತ್ತು ಎಂದು ಬರೆದು ಸುತ್ತ ಗೆರೆ ಎಳೆದು,
"ಇಳಿಯುವಾಗ ಕೇಳು" ಎಂದೆ.
ಹಾರವಾಡದಲ್ಲಿ ಅವಳು ಕೇಳಿದಳೋ, ಗದ್ದಲಕ್ಕೆ ಕೇಳಿಸಲಿಲ್ಲವೋ.
ರೈಟ್ ಎಂದವನು ನಾನೇ.

ಮೂರು ಹತ್ತರ ನೋಟು. ಸೋಪಿನ ನೀರಿನಲ್ಲಿ ಅದ್ದಿ
ಮಾಸ್ಕುಗಳ ನಡುವೆ ಚಿಮಟಿ ಹಾಕಿ ಒಣಗಿಸಿ
ಗಡಿಯಾರದ ಹಿಂದೆ ಇಟ್ಟೆ.
ಮೇ ತಿಂಗಳು, ಅರ್ಧ ಸಂಬಳ. ಹಾಲಿನವನು ಬಾಗಿಲಲ್ಲಿ.
ನಾಗವೇಣಿ ಗಡಿಯಾರ ನೋಡಿದಳು.
ಹೊತ್ತು ನೋಡಿದ್ದಲ್ಲ.
"ಅದು ಗಾಡಿಯದ್ದು" ಎಂದೆ.
ಆ ದಿನ ಕರಿ ಚಾ.

ಜೂನು. ಅಡ್ಡಗೀಟು ಹಾಕಿದ ಸೀಟುಗಳು, ಮೂವತ್ತೇ ಜನ,
ಕಿಟಕಿಯಿಂದ ಇರಚಲು.
ಎಲ್ಲರ ಮೂಗು ಬಾಯಿ ಮುಚ್ಚಿದೆ. ಮುದುಕಿಯರೆಲ್ಲ ಅವಳೇ.
ಒಂಬತ್ತನೆಯ ದಿನ, ಹಾರವಾಡದ ಸ್ಟಾಪಿನಲ್ಲಿ
ಸೆರಗಿನ ಗಂಟು ಹಲ್ಲಲ್ಲಿ ಬಿಚ್ಚಿ ಒಬ್ಬಳು
ಮಡಿಸಿದ ಚೀಟಿ ಚಾಚಿದಳು: "ತಮಾ, ನಂದು ಬಾಕಿ ಉಂಟು."

ಮೆಷಿನ್ನಿನ ಅಕ್ಷರ ಪೂರ್ತಿ ಮಾಸಿತ್ತು.
ತಾರೀಕು ಇಲ್ಲ, ಊರು ಇಲ್ಲ, ಬಿಳೀ ಕಾಗದ.
ತಿರುಗಿಸಿದೆ.
ನನ್ನ ಬಾಲ್‌ಪೆನ್ನಿನ ಮೂವತ್ತು, ಸುತ್ತಲೂ ಗೆರೆ,
ಒತ್ತಿ ಬರೆದದ್ದು ಬೆರಳಿಗೆ ಇನ್ನೂ ಸಿಗುತ್ತಿತ್ತು.

ನೋಟು ಕೊಟ್ಟೆ. ಅವಳು ಮೂಸಿ ನೋಡಿದಳು, ಸೋಪಿನ ವಾಸನೆ.
"ಇದರಲ್ಲೇ ಇವತ್ತಿನ ಟಿಕೇಟು ಮುರಕೋ" ಎಂದಳು.
ಮುರಿದರೆ ಎಂಟು ಉಳಿಯಿತು.
ಚೀಲ ತಡಕಿದೆ. ಚಿಲ್ಲರೆ ಇಲ್ಲ.
ಹೆಬ್ಬೆರಳು ಬಾಯಿಯವರೆಗೆ ಹೋಗಿ, ಬಟ್ಟೆಗೆ ತಾಗಿ, ವಾಪಸು ಬಂತು.
ಪೆನ್ನು ತೆಗೆದೆ.