ಮೂವತ್ತೆಂಟು ಏರಿದ ಮಧ್ಯಾಹ್ನ

ಮಸ್ಕಿಯಿಂದ ಏಳು ಕಿಲೋಮೀಟರು, ಎರೆಹೊಲ,
ತೊಗರಿ ಕೊಯ್ದ ಕೂಳೆ ಚಪ್ಪಲಿಗೆ ಚುಚ್ಚುವ ಜನವರಿ.
ಬೇವಿನ ಕೆಳಗೆ ಮರದ ಮುಕ್ಕಾಲಿ,
ಅದರ ಮೇಲೆ, ಹತ್ತು ಸೆಕೆಂಡಿಗೊಮ್ಮೆ
ಭೂಮಿಯ ಕಾಂತ ಎಣಿಸುವ ಪೆಟ್ಟಿಗೆ.
ಕಾವಲಿಗೆ ಮೌಲಾಸಾಬ.

ಕಬ್ಬಿಣ ಹತ್ತಿರ ಬರಬಾರದು ಅಂದಿದ್ದೆ.
ಬೆಲ್ಟು ಬಿಚ್ಚಿಟ್ಟ, ಪ್ಯಾಂಟಿಗೆ ಸೆಣಬಿನ ಹುರಿ ಬಿಗಿದ.
ಬೀಗದ ಕೈ, ಮೊಬೈಲು ದೂರದ ಬಂಡೆಯ ಮೇಲೆ.
ಕುದುರೆ ಲಾಳದ ಉಂಗುರ ಮಾತ್ರ ಬೆರಳಲ್ಲಿ ಊರಿತ್ತು,
ಸಾಬೂನು ಹಚ್ಚಿ ತಿರುವಿ ತಿರುವಿ ತೆಗೆದ.
"ಅವ್ವ ಹಾಕಿದ್ದ್ರೀ, ಹನ್ನೊಂದು ವರ್ಷ ಆತು."

ನಾನು ನಾಲ್ಕು ಕಿಲೋಮೀಟರು ಆಚೆ, ಹದಿನಾಲ್ಕನೇ ಸಾಲಲ್ಲಿ,
ಹೆಗಲ ಮೇಲೆ ಕೋಲು, ಎದೆಯ ಮೇಲೆ ಅಂಕಿ.
ಎರಡೂ ಹದಿನೇಳಕ್ಕೆ ಅದು ಏರತೊಡಗಿತು,
ಆರು, ಹತ್ತೊಂಬತ್ತು, ಮೂವತ್ತು,
ಮೂವತ್ತೆಂಟು.
ಕಾಲಡಿಯಲ್ಲಿ ಅದಿರು! ಎದೆ ಧಸಕ್ಕೆಂದಿತು.
ಆದರೆ ನಾನು ಆಗಲೇ ನಿಂತುಬಿಟ್ಟಿದ್ದೆ, ನೀರು ಕುಡಿಯಲು.
ನಿಂತವಳ ಕೆಳಗೆ ಕಲ್ಲು ನಡೆಯುವುದಿಲ್ಲವಲ್ಲ.

ಸಂಜೆ ಕಟ್ಟೀಮನಿ ಸರ್ ಬೇವಿನ ಕೆಳಗಿನ ಲೆಕ್ಕ ತೆರೆದು
ಗೆರೆ ಜಿಗಿದ ಜಾಗಕ್ಕೆ ಉಗುರು ಊರಿದರು:
"ಮಧ್ಯಾಹ್ನ ಉಂಗುರ ಹಾಕ್ಕೊಂಡಿದ್ದೇನಲೇ? ಬೈಕ್ ತಂದ್ರೇನು ಯಾರರ?"
"ಆಡು ಸುದ್ದ ಬಂದಿಲ್ರೀ."
ಬೆರಳು ಚಾಚಿದ. ಉಂಗುರವಿದ್ದಲ್ಲಿ
ಬಿಸಿಲೇ ಕಾಣದ ಚರ್ಮದ ಬಿಳಿ ಬಳೆ.

ನನ್ನ ಗೆರೆಯನ್ನು ಅದರ ಪಕ್ಕ ಇಟ್ಟೆ.
ಅದೇ ನಿಮಿಷ, ಅದೇ ಮೂವತ್ತೆಂಟು.
ಒಂದು ಉಂಗುರದ ಕೈ ನಾಲ್ಕು ಕಿಲೋಮೀಟರು ಚಾಚದು ಸರ್,
ಇದು ಮೇಲಿನದು.

ಜೀಪಿನ ನೆರಳಲ್ಲಿ ಮೌಲಾಸಾಬನಿಗೆ ಹೇಳಿದೆ:
ಎರಡು ದಿನದ ಹಿಂದೆ ಸೂರ್ಯ ಕೆಮ್ಮಿದ್ದು,
ಆ ಗಾಳಿ ಇವತ್ತು ಬಂದು ಹಗಲಿನ ಕಡೆ ಗುದ್ದಿತು.
ಭೂಮಿಯ ಸುತ್ತ ಕಾಣದೊಂದು ಗೋಡೆಯಿದೆ,
ಅದು ಒಳಕ್ಕೆ ಸರಿದು, ಅದರೊಳಗಿನ ಕಾಂತ
ಒತ್ತರಿಸಿ ನಿಂತಿತು. ಇಲ್ಲಿ ನಮ್ಮ ಅಂಕಿ ಏರಿತು.

ಅವನು ರಾಯಚೂರಿನ ಜಿನ್ನಿಂಗ್‌ನಲ್ಲಿ
ಐದು ವರ್ಷ ಅಂಡಿಗೆ ಒತ್ತಿದವನು.
ಅಂಗೈ ಮೇಲೆ ಅಂಗೈ ಇಟ್ಟು ಒತ್ತಿ ತೋರಿಸಿದ:
"ಹತ್ತಿ ಅಷ್ಟೇ ಇರ್ತದ. ಜಾಗ ಕಡಿಮಿ."
ಇದಕ್ಕಿಂತ ಚೆನ್ನಾಗಿ
ನನಗೆ ಯಾವ ಪಾಠದಲ್ಲೂ ಯಾರೂ ಹೇಳಿರಲಿಲ್ಲ.

ಆಗ ಬೇವಿನ ಒಂದೆಲೆಯೂ ಅಲುಗಿರಲಿಲ್ಲವಂತೆ.
ಅವನು ಎಚ್ಚರವಾಗೇ ಇದ್ದನಂತೆ,
ಪೆಟ್ಟಿಗೆಯ ಮೇಲೆ ಇರುವೆ ಹತ್ತದಂತೆ ಊದುತ್ತ.

ಕಟ್ಟೀಮನಿ ಸರ್ ಇಡೀ ದಿನದ ಓದಿಗೆ
ಕೆಂಪು ಗೀಟು ಎಳೆದರು. ನಾಳೆ ಆ ಸಾಲು ಮತ್ತೆ ನಡೆಯಬೇಕು,
ಮೇಲಿನದು ತಣ್ಣಗಾದರೆ.

ಮೌಲಾಸಾಬ ಆ ಗೀಟನ್ನೇ ನೋಡುತ್ತಿದ್ದ.
ಉಂಗುರ ತುದಿಬೆರಳಲ್ಲೇ ಇತ್ತು, ಇನ್ನೂ ಒಳಗೆ ಇಳಿದಿರಲಿಲ್ಲ.
"ಮೇಡಂ, ದಿನಾನೇ ಹೊಡೆದು ಹಾಕಿದ್ರ,
ಇವತ್ತಿನ ಕೂಲಿ ಅದ ಇಲ್ರೀ?"