ಬೆರ್ದಿಯನ ಅಂಗಿ

ಬರೆದುಕೊಳ್ಳುವುದಾದರೆ ಬರೆದುಕೋ ಸನ್ಯಾಸಿ.
ಮೊದಲು ಆ ಬೂಟು ಬಿಚ್ಚು, ಹಿಮ ಕರಗಿ ನೆಲವೆಲ್ಲ ರಾಡಿ.
ಹಣೆ ಊದಿಕೊಂಡಿದೆಯಲ್ಲ, ಬೆಣ್ಣೆ ಸವರಿಕೋ.
ನಮ್ಮ ಬಾಗಿಲು ಎಲ್ಲರಿಗೂ ಒಂದು ಗುದ್ದು ಕೊಟ್ಟೇ ಒಳಗೆ ಬಿಡುತ್ತದೆ.
ನನ್ನ ಅಜ್ಜನಿಗೆ ಮಾತ್ರ ಕೊಡಲಿಲ್ಲ.
ಈ ಬಾಗಿಲಲ್ಲಿ ಅವನು ಒಮ್ಮೆಯೂ ತಲೆ ಬಗ್ಗಿಸಲಿಲ್ಲ,
ಬಗ್ಗಿಸುವಷ್ಟು ಎತ್ತರ ಅವನಿಗಿರಲಿಲ್ಲ.
‘ಯಾರಿಗೂ ತಲೆಬಾಗದ ಬೆರ್ದಿಯ’ ಎಂದು
ಪಂದೂರಿ ಮೀಟುವವರು ಹಾಡುತ್ತಾರಲ್ಲ,
ಅದರ ಬೇರು ಇಲ್ಲಿದೆ, ಈ ಹೊಸ್ತಿಲಲ್ಲಿ.

ಆ ದಿನ ಕಣಿವೆಯಾಚೆಯವರು ಬಂದರು, ಕುರಿಗಳಿಗಾಗಿ.
ಊರೆಲ್ಲ ಗೋಪುರ ಹತ್ತಿತು.
ಅಜ್ಜ ಉಪ್ಪಿನ ಮೂಟೆ ಮರೆತಿದ್ದನೆಂದು ವಾಪಸು ಹೋದ.
ಬರುವಷ್ಟರಲ್ಲಿ ಏಣಿ ಮೇಲೆ ಹೋಗಿತ್ತು.
ಕೂಗಿದನಂತೆ. ಮೇಲಿನಿಂದ ಯಾರೂ ಓಗೊಡಲಿಲ್ಲ.
ಇನ್ನೆಲ್ಲಿಗೆ ಹೋಗುವುದು? ಸೇತುವೆಗೆ ಹೋಗಿ ನಿಂತ.

ಬಂದವರು ಆರು ಮಂದಿ.
ಸೇತುವೆಯ ನಡುವೆ ಒಂದು ಕೊಳೆತ ಹಲಗೆ.
ರಿಪೇರಿ ಮಾಡು, ಮಾಡು ಎಂದು
ಅಜ್ಜಿ ಖ್ವಾರಮ್ಜೆ ಬೇಸಿಗೆಯಿಡೀ ಗೊಣಗಿದ್ದಳು.
ಅವನ ಸೋಮಾರಿತನ ಮೂವರನ್ನು ನುಂಗಿತು,
ಕತ್ತಿ ಇಬ್ಬರನ್ನು.
ಆರನೆಯವನು ಓಡಿದ.

ಇಲ್ಲಿ ಮಸಿ ಅದ್ದಿಕೋ, ಇದು ಮುಖ್ಯ.
ಅಜ್ಜನನ್ನು ಮೊದಲು ಎತ್ತರ ಮಾಡಿದವನು ಆ ಆರನೆಯವನು.
ಐವರನ್ನು ಬಿಟ್ಟು ಬರಿಗೈಲಿ ಮನೆಗೆ ಹೋದವನು
ಹೆಂಗಸರ ಮುಂದೆ ಏನೆಂದಾನು?
ಗಿಡ್ಡನೊಬ್ಬ, ಹಲ್ಲುನೋವಿಗೆ ಕೆನ್ನೆಗೆ ಬಟ್ಟೆ ಕಟ್ಟಿದ್ದವನು, ಎಂದಾನೆ?
ಪೈನ್ ಮರದಷ್ಟಿದ್ದ ಎಂದ.
ಮುಖಕ್ಕೆ ಕಬ್ಬಿಣ ಹೊದ್ದಿದ್ದ ಎಂದ.
ಇಂದಿಗೂ ಆಚೆ ಕಣಿವೆಯಲ್ಲಿ ಹಟ ಮಾಡುವ ಮಕ್ಕಳನ್ನು
ನನ್ನಜ್ಜನ ಹೆಸರು ಹೇಳಿಯೇ ಮಲಗಿಸುತ್ತಾರೆ.

ಎರಡನೆಯವರು ನಮ್ಮವರೇ, ಗೋಪುರದವರು.
ಅಜ್ಜ ಮೂರು ರಾತ್ರಿ ನರಳಿ ಸತ್ತ.
ಕೊನೆಗೆ ಆಡಿದ್ದು ಒಂದೇ ಮಾತು: ‘ಏಣಿ.’
ಕೇಳಿಸಿಕೊಂಡವರು ನೆಲ ನೋಡಿದರು.
ನಲವತ್ತನೆಯ ದಿನದ ಬಿಯರು ಇಳಿಯುವ ಹೊತ್ತಿಗೆ
ಆ ಏಣಿ ಬಂಗಾರದ್ದಾಗಿತ್ತು,
ಮುಗಿಲಿನಿಂದ ಅವನಿಗಾಗಿ ಇಳಿದಿತ್ತು.

ಅಜ್ಜಿ ಒಪ್ಪಲಿಲ್ಲ. ಮದುವೆಮನೆ, ಸಾವಿನಮನೆ ಎನ್ನದೆ
ಹಾಡಿನ ನಡುವೆ ಎದ್ದು ನಿಲ್ಲುವಳು:
‘ಅವನಿಗೆ ಭಯವಾಗಿತ್ತು. ಉಪ್ಪಿಗೆ ಹೋಗಿದ್ದ.’
ಊರು ಅವಳನ್ನು ಕರೆಯುವುದನ್ನೇ ಬಿಟ್ಟಿತು.

ಆಮೇಲೊಂದು ಚಳಿಗಾಲ, ಕತ್ತಲಾದ ಮೇಲೆ,
ಗಾಗಾಯ್ ಬಂದ. ಏಣಿ ಎಳೆದ ಕೈ ಅವನದು.
ಮುದುಕ, ಕಣ್ಣು ಮಂಜು.
ಈ ಒಲೆಯ ಮುಂದೆ ಕೂತು, ಬಾಯಿ ತೆರೆಯುವನು, ಮುಚ್ಚುವನು.
ಸೌದೆ ಎರಡು ಸಲ ಉರಿದು ಬೂದಿಯಾಯಿತು.
ಆಗ ಅಜ್ಜಿ, ರೊಟ್ಟಿ ಮಗುಚುತ್ತ, ಅವನತ್ತ ನೋಡದೆ:
‘ಎಳೆದುಕೊಳ್ಳಿ ಎಂದು ಅವನೇ ಕೂಗಿದ್ದು, ಗಾಗಾಯ್.
ನನಗೆ ಕೇಳಿಸಿತ್ತು.’

ನಾನು ಮೂಲೆಯಲ್ಲಿ ಉಣ್ಣೆ ಹಿಂಜುತ್ತಿದ್ದೆ. ಹನ್ನೆರಡು ವರ್ಷ.
ಮರುದಿನ ಪೆಟ್ಟಿಗೆ ತೆರೆದು ಅಜ್ಜನ ಅಂಗಿ ಹಾಕಿಕೊಂಡೆ,
ಎದೆಯ ಬಳಿ ತೂತು, ಸುತ್ತ ಕಂದು ಕಲೆ.
ತೋಳು ಸರಿಯಾಗಿ ನನ್ನ ಮಣಿಕಟ್ಟಿಗೇ ಬಂತು.
ಅಜ್ಜಿ ಬಾಗಿಲಲ್ಲಿ ನಿಂತು ನೋಡಿದಳು, ಬಹಳ ಹೊತ್ತು.
ಗುಂಡಿ ಹಾಕಿದಳು, ಕಾಲರು ಸರಿಮಾಡಿದಳು.
‘ಒಗೆದೂ ಒಗೆದೂ ಕುಗ್ಗಿಹೋಯಿತು,’ ಎಂದಳು.

ಆ ಅಂಗಿಯನ್ನು ಒಮ್ಮೆಯೂ ಒಗೆದಿರಲಿಲ್ಲ, ಸನ್ಯಾಸಿ.

ನೀನು ಏನು ಬೇಕಾದರೂ ಬರಿ.
ನಿನ್ನ ಚರ್ಮದ ಹಾಳೆಯಲ್ಲಿ ಏಳು ಅಡಿಗೂ ಜಾಗವಿದೆ.
ರೊಟ್ಟಿ ಮುಗಿಸು.
ಹೋಗುವಾಗ ಬಾಗಿಲಲ್ಲಿ ತಲೆ ಜೋಪಾನ.