ಸುಳ್ಳು ಉಸಿರು

ಮಂಗಳವಾರ ಸಂಜೆಯ ದೋಣಿಗೆ ಜಮ್ಫೀರಾ ಬರುತ್ತಾಳೆ,
ತೊಡೆಯ ಮೇಲೆ ಥರ್ಮೋಕೋಲ್ ಪೆಟ್ಟಿಗೆ.
ನಮ್ಮ ವಿಲೋ ಮರದ ಕೆಳಗೊಂಬೆಗೆ
ಒಂದು ಡಬ್ಬಿ ತೂಗುಹಾಕುತ್ತಾಳೆ. ಒಳಗೆ ಒಣ ಮಂಜುಗಡ್ಡೆ.
ರಾತ್ರಿಯಿಡೀ ಅದು ಹೊಗೆಯಾಡುತ್ತದೆ
ನಿದ್ದೆಹೋದ ಮನುಷ್ಯನ ಹಾಗೆ, ಮೆಲ್ಲಗೆ.
ಸೊಳ್ಳೆಗಳು ನಂಬುತ್ತವೆ.
ಕೆಳಗೊಂದು ಪುಟ್ಟ ಫ್ಯಾನು, ಅದರ ಕೆಳಗೆ ಬಲೆಚೀಲ.

ಮೊದಲ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.
ಫೆಯೊದೋತ್ ನೀರುಪಾಲಾಗಿ ಮೂರು ವರ್ಷ;
ಅಂಗಳದಲ್ಲಿ ಯಾರೋ ಉಸಿರಾಡುತ್ತಿದ್ದರು.

ಬೆಳಿಗ್ಗೆ ಚೀಲ ಬಿಚ್ಚಿ ತಂದು
ನನ್ನ ಮೇಜಿಗೆ ಕೂತು ಮೀನಿನ ಸಾರು ಕುಡಿಯುತ್ತಾಳೆ.
ಗಂಡು ಬೇಡವಂತೆ, ಹೆಣ್ಣು ಮಾತ್ರ.
ತುಲ್ಚಾದ ಲ್ಯಾಬಿನಲ್ಲಿ ಐವತ್ತೈವತ್ತು ಎಣಿಸಿ
ಒಂದೊಂದು ಕೊಳವೆಗೆ ಹಾಕಿ ಅರೆಯುತ್ತಾರಂತೆ,
ಹಬ್ಬಕ್ಕೆ ನಾನು ಗಸಗಸೆ ಅರೆದ ಹಾಗೆ.

ಏನಾದರೂ ಸಿಕ್ಕಿತಾ? ಪ್ರತಿ ವಾರ ಕೇಳುತ್ತೇನೆ.
ಏನೂ ಇಲ್ಲ.
"ಏನೂ ಇಲ್ಲ ಅನ್ನೋಕೆ ಎರಡು ಗಂಟೆ ದೋಣೀಲಿ ಬರ್ತೀಯಾ?"
"ಇಲ್ಲ ಅನ್ನೋದನ್ನೂ ಯಾರಾದರೂ ನೋಡಿ ಹೇಳಬೇಕಲ್ಲ, ಉಸ್ತೀನಿಯಾ."

ಆಗಸ್ಟ್. ಡ್ಯಾನ್ಯೂಬ್ ಇಳಿದು ಜೊಂಡಿನ ಬುಡ ನಾರಿತು.
ಹೆಜ್ಜಾರ್ಲೆಗಳು ಬೇರೆ ಮಡು ಹುಡುಕಿಕೊಂಡವು.
ಬೇಲಿಯ ಪಕ್ಕ ಒಂದು ಕಾಗೆ
ಕತ್ತು ವಾಲಿಸಿ ಸುತ್ತು ಹಾಕುತ್ತಿತ್ತು, ಮದುವೆಮನೆಯಲ್ಲಿ ಕುಡಿದವನ ಹಾಗೆ.
ಪಕ್ಕದ ಮನೆಯ ಹುಡುಗ ಬಿದ್ದು ಬಿದ್ದು ನಕ್ಕ.
ಜಮ್ಫೀರಾ ಗ್ಲೌಸು ಹಾಕಿಕೊಂಡಳು.

ಮುಂದಿನ ಮಂಗಳವಾರ ಸಾರು ಮುಟ್ಟಲಿಲ್ಲ.
ಏಳನೆಯ ಕೊಳವೆ, ಅಂದಳು.
ಹೊಟ್ಟೆ ಉಬ್ಬಿದವಳೊಬ್ಬಳನ್ನು ಬೇರೆಯಾಗಿ ನೋಡಿದರಂತೆ.
ಎರಡು ರಕ್ತ: ಒಂದು ಕಾಗೆಯದು,
ಒಂದು ಮನುಷ್ಯರದು.
ಯಾರದು ಎಂದು ಯಂತ್ರ ಹೇಳುವುದಿಲ್ಲ.
ಈ ದಂಡೆಯಲ್ಲಿ ಮನುಷ್ಯರೆಂದರೆ ಒಂಬತ್ತು ಮನೆ.
ನಾನು ಮೊಣಕೈ ತಿರುಗಿಸಿ ನೋಡಿಕೊಂಡೆ.
ಅವಳ ಬೆರಳೂ ತನ್ನ ಕತ್ತಿನ ಹಿಂದೆ ಹೋಯಿತು.

ಮನೆಮನೆಗೆ ನಡೆದೆವು. ಬಕೆಟ್ಟು ಬೋರಲು ಹಾಕಿ,
ಹಳೇ ದೋಣಿಗಳ ಹೊಟ್ಟೆಯ ನೀರು ಚೆಲ್ಲಿ,
ಜ್ವರ? ತಲೆನೋವು? ಕತ್ತು ಸೆಟೆದಿದೆಯಾ?
ಅಗಾಫ್ಯಾ ಎರಡು ಬೆರಳೆತ್ತಿ ಶಿಲುಬೆ ಗೀಚಿಕೊಂಡು
ಇಲ್ಲ, ಅಂದಳು.
ಆ ಇಲ್ಲವನ್ನು ಜಮ್ಫೀರಾ ಬರೆದುಕೊಂಡಳು
ತಾರೀಖು ಹಾಕಿ, ಕೆಳಗೊಂದು ಗೆರೆ ಎಳೆದು.

ಈಗ ಕತ್ತಲು. ಡಬ್ಬಿ ಶುರುಮಾಡಿದೆ.
ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ
ಕಿವಿಗೊಟ್ಟು ಮಲಗಿದ್ದೇನೆ.
ಒಂಬತ್ತೂ ಮನೆಗಳ ಪಾಲಿನದನ್ನು ಅದೇ ಉಸಿರಾಡಲಿ ಎಂದು
ನಾನು ಸ್ವಲ್ಪ
ಮೆಲ್ಲಗೆ.